ಕ್ರೂಸರ್ ಕೊಳ್ಳುವ ಮುನ್ನ: ನೋಟದ ಜಗಳ, ಸೀಟಿನ ಲೆಕ್ಕ

"ಮಾಮ, ಸೂಪರ್ ಮೀಟಿಯರ್ ನೋಡ್ಕೊಂಡ್ ಬಂದೆ. ಮುಂದ್ಗಡೆಯಿಂದ ಸಕತ್ತಾಗಿದೆ, ಹಿಂದ್ಗಡೆ ಮಡ್‌ಗಾರ್ಡ್ ಯಾಕೋ ದಪ್ಪ ಅನ್ನಿಸ್ತು. ಹಾರ್ಲೆ ಟ್ಯಾಂಕು ಇಷ್ಟ ಆಯ್ತು, ಬಾಲ ಇಷ್ಟ ಆಗ್ಲಿಲ್ಲ. ಗೋವನ್ ನಂಗೆ ತುಂಬಾ ಹಿಡಿಸ್ತು, ಆದ್ರೆ ಅಮ್ಮ ಆ ಬಿಳಿ ಟೈರು ನೋಡಿ ಬೇಡ್ವೇ ಬೇಡ ಅಂತಿದಾರೆ. ಯಾವ್ದು ತಗೊಳ್ಲಿ ಹೇಳಿ."

ಹಾಸನದಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ ಹೇಳಿದ್ದಿದು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮಾಮೂಲಿ ಕಮ್ಯೂಟರ್ ಬೈಕು ಬಂದರೆ ಮೈಲೇಜು ಎಷ್ಟು ಅಂತ ಕೇಳಿ ಸುಮ್ಮನಾಗುವ ಜನ, ಹೊಸ ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಬೈಕು, ಬಂತೆಂದರೆ ಸಾಕು, ಎರಡು ಪಂಗಡವಾಗಿ ನಿಲ್ಲುತ್ತಾರೆ. ಒಬ್ಬರಿಗೆ ಅದು ಮದುವೆಗೆ ಸಿಂಗರಿಸಿದ ಕುದುರೆ, ಇನ್ನೊಬ್ಬರಿಗೆ ಯಾವುದೋ ಬೈಕಿನ ಮುಂಭಾಗವನ್ನು ಇನ್ಯಾವುದೋ ಬೈಕಿನ ಹಿಂಭಾಗಕ್ಕೆ ಅಂಟಿಸಿದ ಹಾಗೆ. ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ.

ಈ ಜಗಳ ಕೇಳಿ ಕೇಳಿ, ಹತ್ತಾರು ಬೈಕು ಹತ್ತಿ ಇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಕ್ರೂಸರ್‌ಗಳ ವಿಷಯದಲ್ಲಿ ನೋಟದ ಬಗ್ಗೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂರುವ ಭಂಗಿಯಿಂದ ಹುಟ್ಟಿದ್ದು. ಸೀಟು ನೆಲಕ್ಕೆ ಹತ್ತಿರ ಬರಬೇಕೆಂದರೆ ಹಿಂದಿನ ಚಕ್ರ ಚಿಕ್ಕದಾಗಬೇಕು, ಟೈರು ದಪ್ಪಗಾಗಬೇಕು, ಅದನ್ನು ಅಪ್ಪಿಕೊಳ್ಳುವ ಮಡ್‌ಗಾರ್ಡ್ ಅಗಲವಾಗಬೇಕು. ಸೀಟು ಎತ್ತರವಾದರೆ ಹಿಂಭಾಗ ತೆಳ್ಳಗಾಗಿ ಮೇಲೇಳುತ್ತದೆ, ಆಗ "ಇದೇನು ಕ್ರೂಸರ್ರೇ ಅಲ್ಲ" ಅನ್ನುತ್ತಾರೆ. ಹಾಗಾಗಿ ಒಂದು ಬೈಕಿನ ಯಾವ ಭಾಗ ಕಣ್ಣಿಗೆ ಒಪ್ಪಲಿಲ್ಲ ಅನ್ನುವುದನ್ನು ಹಿಡಿದು ಹೋದರೆ, ನಿಮ್ಮ ಸೊಂಟಕ್ಕೆ, ಕಾಲಿಗೆ, ಹಿಂದೆ ಕೂರುವವರಿಗೆ ಆ ಬೈಕು ಏನು ಮಾಡುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಎಂಟು ವರ್ಷದ ಹಿಂದೆ ನಾನು ನೋಟವೊಂದನ್ನೇ ನೆಚ್ಚಿಕೊಂಡು ಒಂದು ಬೈಕು ತಂದಿದ್ದೆ. ಕಂಪನಿಯ ಹೆಸರು ಬೇಡ. ನಿಲ್ಲಿಸಿದಲ್ಲೆಲ್ಲ ಜನ ತಿರುಗಿ ನೋಡುತ್ತಿದ್ದರು. ಆದರೆ ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೆನ್ನು ಹಿಡಿದುಕೊಂಡು ಇಳಿಯಬೇಕಾಗುತ್ತಿತ್ತು. ಹದಿನಾಲ್ಕು ತಿಂಗಳಿಗೆ ಮಾರಿದೆ. ಅಂದಿನಿಂದ ಯಾರು ಕೇಳಿದರೂ ಮೊದಲು ಅಳತೆಗೋಲು ಹೇಳುತ್ತೇನೆ, ಬೈಕಿನ ಹೆಸರು ಆಮೇಲೆ.

ಮೊದಲು ಅಳತೆಗೋಲು

ಕಾಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ಕ್ರೂಸರ್‌ನ ಗುರುತೇ ಮುಂದಕ್ಕೆ ಚಾಚಿದ ಫುಟ್‌ರೆಸ್ಟ್. ನೇರವಾದ ಹೆದ್ದಾರಿಯಲ್ಲಿ ಅದು ಆರಾಮಕುರ್ಚಿ. ಹಳ್ಳ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಫುಟ್‌ರೆಸ್ಟ್ ಮೈಯ ಕೆಳಗೇ ಇದ್ದರೆ ಕಾಲ ಮೇಲೆ ಭಾರ ಹಾಕಿ ಸ್ವಲ್ಪ ಮೇಲೆದ್ದು ಪೆಟ್ಟು ತಪ್ಪಿಸಿಕೊಳ್ಳಬಹುದು. ಕಾಲು ಮುಂದೆ ಚಾಚಿದ್ದರೆ ಏಳುವುದಕ್ಕೆ ಆಗುವುದಿಲ್ಲ, ಪೆಟ್ಟೆಲ್ಲ ನೇರ ಬೆನ್ನುಮೂಳೆಗೆ. ಸೊಂಟನೋವು ಇರುವವರು ಇದನ್ನು ಎರಡು ಸಲ ಓದಿ.

ಎರಡನೆಯದು ನಿಮ್ಮ ರಸ್ತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕ್ರೂಸರ್ ಓಡಿಸುವ ಆಸೆ ಇಟ್ಟುಕೊಂಡವರಿಗೆ ನೆನಪಿರಲಿ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ. ನಮ್ಮ ಪಾಲಿಗೆ ಇರುವುದು ಸರ್ವಿಸ್ ರಸ್ತೆ, ಅಲ್ಲಿ ಊರೂರಿಗೂ ಹಂಪ್ಸ್. ಆದ್ದರಿಂದ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಬೈಕಿನ ತಳಕ್ಕೂ ಇರುವ ಅಂತರ, ಅನ್ನುವ ಅಂಕಿಯನ್ನು ಉಡಾಫೆ ಮಾಡಬೇಡಿ. ಬಣ್ಣ ಬಳಿಯದ ಹಂಪ್ ರಾತ್ರಿ ಹೊತ್ತು ಹೇಗಿರುತ್ತದೆಂದು ನಿಮಗೂ ಗೊತ್ತು.

ಮೂರನೆಯದು ಹಿಂದಿನ ಸೀಟು. ಹೆಂಡತಿ, ಅಮ್ಮ, ಮಗಳು, ಗೆಳೆಯ, ಯಾರು ಎಷ್ಟು ದೂರ ಕೂರುತ್ತಾರೆ? ಸೀರೆ ಉಟ್ಟವರು ಒಂದೇ ಕಡೆ ಕಾಲು ಹಾಕಿ ಕೂರುವ ಮನೆಯಾದರೆ ಸಾರಿ ಗಾರ್ಡ್, ಹಿಡಿದುಕೊಳ್ಳಲು ಕಂಬಿ, ಸೀಟಿನ ಅಗಲ ಮೂರನ್ನೂ ನೋಡಬೇಕು.

ನಾಲ್ಕನೆಯದು ತೂಕ. ಓಡುವಾಗ ತೂಕ ಗೊತ್ತಾಗುವುದಿಲ್ಲ. ಮನೆಯ ಮುಂದಿನ ಇಳಿಜಾರಿನಿಂದ ಹಿಂದಕ್ಕೆ ಎಳೆಯುವಾಗ, ಜಲ್ಲಿಕಲ್ಲಿನ ಮೇಲೆ ತಿರುಗಿಸುವಾಗ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಾರಿನ ನಡುವಿಂದ ತೆಗೆಯುವಾಗ ಗೊತ್ತಾಗುತ್ತದೆ.

ಐದನೆಯದು ದುಡ್ಡು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ 350 ಸಿಸಿ ಅನ್ನುವುದು ಈಗ ದೊಡ್ಡ ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮತ್ತು ಅದಕ್ಕಿಂತ ಕಡಿಮೆಯ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್‌ಗೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಅಂದರೆ ತೆರಿಗೆಗೆ ಮುಂಚೆ ಎರಡೂ ಬೈಕಿನ ಬೆಲೆ 2 ಲಕ್ಷವೇ ಆಗಿದ್ದರೂ, ಒಂದು 2.36 ಲಕ್ಷಕ್ಕೆ, ಇನ್ನೊಂದು 2.80 ಲಕ್ಷಕ್ಕೆ ಬಂದು ನಿಲ್ಲುತ್ತದೆ. 44 ಸಾವಿರದ ಅಂತರ ಬರೀ ಎಂಜಿನ್ ಅಳತೆಯದ್ದು. ಅದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಶೇ 18ರ ಜೀವಿತಾವಧಿ ತೆರಿಗೆ, ಅದಕ್ಕೊಂದು ಸೆಸ್. ಇನ್ಶೂರೆನ್ಸಿನಲ್ಲೂ ಇದೇ ಗಡಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಂತು 150ರಿಂದ 350 ಸಿಸಿ ತನಕ 7,365 ರೂಪಾಯಿ ಇದ್ದರೆ, 350 ದಾಟಿದ ಕೂಡಲೇ 15,117. ಆದ್ದರಿಂದ ಜಾಹೀರಾತಿನ ಎಕ್ಸ್‌ಶೋರೂಮ್ ಬೆಲೆ ನೋಡಿ ಮನಸ್ಸು ಮಾಡಬೇಡಿ. ನಿಮ್ಮ ಊರಿನ ಆನ್‌ರೋಡ್ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಕೊನೆಗೆ ನೋಟ. ಅದನ್ನೂ ಎರಡು ಭಾಗ ಮಾಡಿ ನೋಡಿ. ಕನ್ನಡಿ, ಇಂಡಿಕೇಟರ್, ಸೀಟು, ಮುಂದಿನ ಗಾಜು ಇವೆಲ್ಲ ಕಂಪನಿಯದೇ ಬಿಡಿಭಾಗ ಹಾಕಿಸಿ ಬದಲಿಸಬಹುದಾದ ವಸ್ತುಗಳು, ಇವಕ್ಕಾಗಿ ಒಳ್ಳೆಯ ಬೈಕು ಬಿಡಬಾರದು. ಟ್ಯಾಂಕಿನ ಆಕಾರ, ಚಕ್ರದ ಅಳತೆ, ಎಂಜಿನ್ ಕಾಣುವ ರೀತಿ, ನಿಂತ ನಿಲುವು ಇವು ಬದಲಾಗುವುದಿಲ್ಲ, ಇವು ಒಪ್ಪದಿದ್ದರೆ ಕೊಳ್ಳಬೇಡಿ. ನಡುವೆ ಇನ್ನೊಂದು ಜಾತಿ ಇದೆ. ಸೈಲೆನ್ಸರ್, ಚಾಸಿಸ್, ಬಣ್ಣ. ಕೈಯಲ್ಲಿ ಮಾಡಿಸಬಹುದು, ಆದರೆ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರು ಬದಲಿ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ್ದನ್ನು ನೀವೂ ನೋಡಿರುತ್ತೀರಿ.

ಸೂಪರ್ ಮೀಟಿಯರ್ 650

ಜಗಳ ಹೆಚ್ಚು ನಡೆದದ್ದು ರಾಯಲ್ ಎನ್‌ಫೀಲ್ಡ್‌ನ ಈ ಬೈಕಿನ ಮೇಲೆ. 2022ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ಮೇಳದಲ್ಲಿ ಮುಸುಕು ತೆಗೆದರು, ಅದೇ ತಿಂಗಳು ಗೋವಾದಲ್ಲಿ ನಮ್ಮವರು ಕಣ್ಣಾರೆ ನೋಡಿದರು, 2023ರ ಜನವರಿಯಲ್ಲಿ 3.49 ಲಕ್ಷದಿಂದ ಬೆಲೆ ಶುರುವಾಯಿತು. ಹೊಗಳಿದವರು ಹೊಗಳಿದ್ದು ಟ್ಯಾಂಕನ್ನು. ನೀರಹನಿಯ ಹಾಗೆ ಮುಂದೆ ದುಂಡಗಾಗಿ ಸೀಟಿನ ಕಡೆ ಸಣ್ಣಗಾಗುವ 15.7 ಲೀಟರಿನ ಟ್ಯಾಂಕು ಅದು. ತೆಗಳಿದವರು ತೆಗಳಿದ್ದು ಹಿಂದಿನ ಮಡ್‌ಗಾರ್ಡನ್ನು. ಇನ್ನೂ ಕೆಲವರ ತಕರಾರು ಎಂಜಿನ್ ಬಗ್ಗೆ. ಅಮೆರಿಕದ ದೊಡ್ಡ ಕ್ರೂಸರ್‌ಗಳಲ್ಲಿ ಎರಡು ಸಿಲಿಂಡರ್ ವಿ ಆಕಾರದಲ್ಲಿ ಚಾಚಿ ಚೌಕಟ್ಟನ್ನೆಲ್ಲ ತುಂಬಿಕೊಂಡಿರುತ್ತವೆ. ಇದರಲ್ಲಿ ಎರಡೂ ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿವೆ, ಬದಿಯಿಂದ ನೋಡಿದಾಗ ಎಂಜಿನ್ ಮೈಗಿಂತ ಚಿಕ್ಕದಾಗಿ ಕಾಣುತ್ತದೆ ಅಂತ.

ಮಡ್‌ಗಾರ್ಡಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅದು 16 ಇಂಚಿನ ಚಕ್ರಕ್ಕೆ ಹಾಕಿದ 150 ಮಿಲಿಮೀಟರ್ ಅಗಲದ ಟೈರನ್ನು ಮುಚ್ಚುತ್ತಿದೆ, ಅದರ ಮೇಲೆ ಹಿಂದಿನ ಸೀಟು ಕೂತಿದೆ. ಆ ಮಡ್‌ಗಾರ್ಡ್ ತೆಳ್ಳಗಿದ್ದಿದ್ದರೆ ಸೀಟು 740 ಮಿಲಿಮೀಟರಿಗೆ ಇಳಿಯುತ್ತಿರಲಿಲ್ಲ, ಅಥವಾ ಹಿಂದೆ ಕೂತವರಿಗೆ ಜಾಗವೇ ಇರುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆ ಹೋದವರಿಗೆ ಅಗಲದ ಮಡ್‌ಗಾರ್ಡಿನ ಬೆಲೆ ಹೇಳಿಕೊಡಬೇಕಿಲ್ಲ, ಬೆನ್ನಿನ ಮೇಲೆ ಕೆಸರಿನ ಗೆರೆ ಎಳೆಯದ ಬೈಕು ಅದು. ಎಂಜಿನ್ ನೋಟದ ತಕರಾರನ್ನು ನಾನು ಒಪ್ಪುತ್ತೇನೆ, ಅದು ಬದಲಾಗುವ ವಸ್ತುವೂ ಅಲ್ಲ. ಆದರೆ ಆ 648 ಸಿಸಿ ಎಂಜಿನ್ ಓಡುವ ನಯ ನೋಡಿದ ಮೇಲೆ ತಕರಾರು ಮೆತ್ತಗಾಗುತ್ತದೆ. 47 ಕುದುರೆ ಶಕ್ತಿ, 52.3 ನ್ಯೂಟನ್ ಮೀಟರ್ ಟಾರ್ಕು (ಎಳೆಯುವ ಬಲ), ಆರು ಗೇರು. ಶಿರಾಡಿ ಘಾಟಿಯ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೂ ಗೇರು ಇಳಿಸದೆ ಮುಂದೆ ಹೋಗಬಹುದು.

ತೂಕದ ತಕ್ಕಡಿಯ ಇನ್ನೊಂದು ಕಡೆ ಇರುವುದು 241 ಕೆಜಿ ಮತ್ತು ಬರೀ 135 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್. ಹಿಂದಿನ ಶಾಕ್ಸ್ ಗಟ್ಟಿ ಎನ್ನುವುದು ಓಡಿಸಿದವರೆಲ್ಲ ಹೇಳುವ ಮಾತು. ಕಾಲು ಮುಂದೆ ಚಾಚಿ ಕೂರುವ ಬೈಕಿನಲ್ಲಿ ಗಟ್ಟಿ ಶಾಕ್ಸ್ ಅಂದರೆ ಏನಾಗುತ್ತದೆ ಅಂತ ಮೇಲೇ ಹೇಳಿದೆ. ಹಾಗಾಗಿ ಇದು ತಿಂಗಳಿಗೆ ಎರಡು ಸಲ 400 ಕಿಲೋಮೀಟರ್ ಹೆದ್ದಾರಿ ಓಡಿಸುವವರ ಬೈಕು. ಬೆಂಗಳೂರಿನಿಂದ ಬೆಳಗಾವಿಗೆ, ಹುಬ್ಬಳ್ಳಿಗೆ, ಗೋವಾಕ್ಕೆ. ಸಿಲ್ಕ್ ಬೋರ್ಡ್‌ನಲ್ಲಿ ದಿನಾ ಎರಡು ಗಂಟೆ ಕ್ಲಚ್ ಹಿಡಿಯುವವರಿಗೆ ಇದನ್ನು ಹೇಳಲಾರೆ. ಜೋಡಿಯಾಗಿ ದೂರ ಹೋಗುವವರು ಗಾಜು, ಬೆನ್ನಿಗೆ ಒರಗು, ಅಗಲದ ಸೀಟು ಬರುವ ಸೆಲೆಸ್ಟಿಯಲ್ ಮಾದರಿ ನೋಡಿ. ಹಿಂದಿನ ಮಡ್‌ಗಾರ್ಡ್ ದಪ್ಪ ಎನ್ನುವ ದೂರೂ ಒರಗು ಹಾಕಿದ ಮೇಲೆ ಅರ್ಧ ಮಾಯವಾಗುತ್ತದೆ, ಅಳತೆ ಕೂಡಿ ಬರುತ್ತದೆ.

ಹಾರ್ಲೆ ಡೇವಿಡ್ಸನ್ ಎಕ್ಸ್440

ಈ ಬೈಕಿನ ಮೇಲೆ ಬಿದ್ದ ನಿರೀಕ್ಷೆಯ ಭಾರ ಬೇರೆ ಯಾವುದರ ಮೇಲೂ ಬಿದ್ದಿಲ್ಲ. ಹಾರ್ಲೆ ಅಂದರೆ ನಮ್ಮ ತಲೆಯಲ್ಲಿ ಇರುವ ಚಿತ್ರವೇ ಬೇರೆ, ಉದ್ದನೆಯ ಮೈ, ದಪ್ಪ ಟೈರು, ವಿ ಎಂಜಿನ್, ಎದೆ ನಡುಗಿಸುವ ಸದ್ದು. 2020ರಲ್ಲಿ ಕಂಪನಿ ಭಾರತದಲ್ಲಿ ತಾನೇ ನಡೆಸುತ್ತಿದ್ದ ಕಾರ್ಖಾನೆ ಮತ್ತು ವ್ಯಾಪಾರ ನಿಲ್ಲಿಸಿ ಹೀರೋ ಜೊತೆ ಕೈಜೋಡಿಸಿತು. 2023ರ ಜುಲೈ 3ರಂದು ಆ ಜೋಡಿಯ ಮೊದಲ ಬೈಕು ಬಂತು, 2.29 ಲಕ್ಷದಿಂದ. ತಯಾರಾಗುವುದು ರಾಜಸ್ಥಾನದ ನೀಮ್‌ರಾಣಾದಲ್ಲಿ. ಒಂದೇ ಸಿಲಿಂಡರ್, 440 ಸಿಸಿ, 27 ಕುದುರೆ ಶಕ್ತಿ, 38 ನ್ಯೂಟನ್ ಮೀಟರ್.

ಜನ ಒಡೆದದ್ದು ಅಲ್ಲೇ. ಟ್ಯಾಂಕು, ಅದರ ಮೇಲಿನ ಹೆಸರು, ದುಂಡನೆಯ ಹೆಡ್‌ಲೈಟು, ಕೊರೆದ ಎಂಜಿನ್ ರೆಕ್ಕೆಗಳು ಎಲ್ಲರಿಗೂ ಒಪ್ಪಿತು. ಹಿಂಭಾಗ ಬಹಳ ಜನಕ್ಕೆ ಒಪ್ಪಲಿಲ್ಲ. ಮುಂದೆ ಅಷ್ಟು ಗಟ್ಟಿಯಾಗಿದ್ದ ಮೈ ಸೀಟಿನ ಹಿಂದೆ ಬರುವಷ್ಟರಲ್ಲಿ ಉಸಿರು ಬಿಟ್ಟ ಹಾಗೆ ಸಣ್ಣಗಾಗುತ್ತದೆ ಎನ್ನುವುದು ಅವರ ಮಾತು, ನನಗೂ ಹಾಗೇ ಕಂಡಿತು. ನಂತರ ಬಂದ ಎಕ್ಸ್440 ಟಿ ಮಾದರಿಯಲ್ಲಿ ಕಂಪನಿ ಹಿಂಭಾಗವನ್ನೇ ತಿದ್ದಿತು. ಕೊಳ್ಳುವವರ ಮಾತಿಗೆ ಬೆಲೆ ಸಿಕ್ಕಿತಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು. ಹಿಂಭಾಗವೊಂದೇ ನಿಮ್ಮ ತಕರಾರಾದರೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ನೋಡಿ.

"ಕ್ರೂಸರ್ರೇ ಅಲ್ಲ" ಎನ್ನುವ ಎರಡನೇ ದೂರಿಗೆ ಬರೋಣ. ಅದು ನಿಜ. ಸೀಟು 805 ಮಿಲಿಮೀಟರ್, ಫುಟ್‌ರೆಸ್ಟ್ ನಡುವಿನಲ್ಲಿ, ಹ್ಯಾಂಡಲ್ ಅಗಲವಾಗಿ ಚಪ್ಪಟೆಯಾಗಿದೆ. ಬೈಕಿನ ಭಾಷೆಯಲ್ಲಿ ಇದು ರೋಡ್‌ಸ್ಟರ್. ಈಗ ಅದೇ ಅಂಕಿಗಳನ್ನು ಬೆಂಗಳೂರಿನ ರಸ್ತೆಗೆ ತಂದು ಇಡಿ. 170 ಮಿಲಿಮೀಟರ್ ಕ್ಲಿಯರೆನ್ಸ್, 190 ಕೆಜಿಯ ಆಸುಪಾಸಿನ ತೂಕ, ಹಳ್ಳ ಬಂದಾಗ ಮೇಲೇಳಲು ಕಾಲ ಕೆಳಗೇ ಇರುವ ಫುಟ್‌ರೆಸ್ಟ್. ನೋಟದಲ್ಲಿ ಯಾವುದು ಕೊರತೆ ಅನ್ನಿಸಿತೋ ಅದೇ ಊರೊಳಗೆ ಅನುಕೂಲ. ಐದು ಅಡಿ ನಾಲ್ಕು ಇಂಚಿಗಿಂತ ಕಡಿಮೆ ಎತ್ತರ ಇರುವವರು ಮಾತ್ರ ಮೊದಲು ಎರಡು ಕಾಲೂ ಊರಿ ನೋಡಬೇಕು. 350 ಸಿಸಿ ಗಡಿಯ ಆಚೆ ಇರುವುದರಿಂದ ತೆರಿಗೆಯ ಪೆಟ್ಟೂ ಇದಕ್ಕೆ ಬೀಳುತ್ತದೆ. ಕಚೇರಿಗೆ ದಿನಾ ಓಡಿಸಿ, ವಾರದ ಕೊನೆಗೆ ಚಿಕ್ಕಮಗಳೂರಿಗೂ ಹೋಗಬೇಕು ಅನ್ನುವ ಒಂಟಿ ಸವಾರನಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಾರ್ಲೆ ಸದ್ದಿನ ಕನಸು ಹೊತ್ತು ಬರುವವರು ದಯವಿಟ್ಟು ಮೊದಲು ಸ್ಟಾರ್ಟ್ ಮಾಡಿಸಿ ಕೇಳಿ. ಸದ್ದು ಚೆನ್ನಾಗಿದೆ, ಆದರೆ ಅದು ಒಂದು ಸಿಲಿಂಡರಿನ ಸದ್ದು.

ಗೋವನ್ ಕ್ಲಾಸಿಕ್ 350

2024ರ ನವೆಂಬರಿನಲ್ಲಿ ಗೋವಾದಲ್ಲೇ ಬಿಡುಗಡೆಯಾದ ರಾಯಲ್ ಎನ್‌ಫೀಲ್ಡ್ ಬೈಕು, ಬೆಲೆ 2.35 ಲಕ್ಷದಿಂದ ಶುರುವಾಯಿತು. ಟೈರಿನ ಪಕ್ಕೆಗೆ ಬಿಳಿ ಪಟ್ಟಿ, ಎತ್ತಿದ ಹ್ಯಾಂಡಲ್, ಗಾಳಿಯಲ್ಲಿ ತೇಲುವ ಹಾಗೆ ನಿಂತ ಒಂಟಿ ಸೀಟು, ನೇರಳೆ, ಹಸಿರುನೀಲಿಯಂಥ ಬಣ್ಣಗಳು. ಇದನ್ನು ನೋಡಿ "ಪರವಾಗಿಲ್ಲ" ಅಂದವರನ್ನು ನಾನು ಕಂಡಿಲ್ಲ. ಒಂದೋ ಕಣ್ಣರಳಿಸುತ್ತಾರೆ, ಇಲ್ಲ ಮುಖ ತಿರುಗಿಸುತ್ತಾರೆ.

ಬಿಳಿ ಟೈರಿನ ವಿಷಯ ನನ್ನ ತಂಗಿ ಹೇಳಿದ್ದು ಸರಿ, ಆದರೆ ಅವಳ ಕಾರಣ ಬೇರೆ, ನನ್ನ ಕಾರಣ ಬೇರೆ. ಕೆಮ್ಮಣ್ಣಿನ ಊರಲ್ಲಿ ಒಂದೇ ಮಳೆಗೆ ಆ ಬಿಳಿ ಪಟ್ಟಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗೆಳೆಯನೊಬ್ಬ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಹಳೇ ಟೂತ್‌ಬ್ರಷ್ಷಿಗೆ ಸೋಪಿನ ನೀರು ಅದ್ದಿ, ಟೈರನ್ನು ಗೇಣು ಗೇಣು ತಿರುಗಿಸುತ್ತ ಉಜ್ಜುವುದನ್ನು ನೋಡಿದ್ದೇನೆ. ಒಂದು ಚಕ್ರಕ್ಕೆ ಇಪ್ಪತ್ತು ನಿಮಿಷ. ಅವನಿಗೆ ಅದರಲ್ಲಿ ಸುಖವಿದೆ, ಆ ಸುಖ ನಿಮಗೂ ಇದ್ದರೆ ಮಾತ್ರ ಈ ಬೈಕು. ಸ್ಪೋಕ್ ಚಕ್ರವಾದರೂ ಟ್ಯೂಬ್‌ಲೆಸ್ ಎನ್ನುವುದು ದೊಡ್ಡ ಸಮಾಧಾನ. ದಾರಿಯಲ್ಲಿ ಪಂಕ್ಚರ್ ಆದರೆ ಚಕ್ರ ಬಿಚ್ಚಿಸಿ ಟ್ಯೂಬ್ ತೆಗೆಸುತ್ತ ಕೂರುವ ಗೋಳಿಲ್ಲ.

750 ಮಿಲಿಮೀಟರ್ ಸೀಟು, 197 ಕೆಜಿ ತೂಕ. ಎತ್ತಿದ ಹ್ಯಾಂಡಲ್‌ನಿಂದ ಊರೊಳಗೆ ಹಾಯಾಗಿರುತ್ತದೆ, 80ರ ವೇಗ ದಾಟಿದರೆ ಗಾಳಿ ಎದೆಗೆ ಬಡಿದು ಕೈ ಎಳೆಯುತ್ತದೆ. ಹಿಂದಿನ ಸೀಟು ಬೇಕಾದಾಗ ಜೋಡಿಸಬಹುದು, ಬೇಡವಾದಾಗ ಬಿಚ್ಚಬಹುದು. ಬಿಚ್ಚಿದಾಗಲೇ ಇದರ ನೋಟ ಪೂರ್ತಿಯಾಗುವುದು. ದಿನಾ ಇಬ್ಬರು ಓಡಾಡುವ ಮನೆಯಲ್ಲಿ ಅದನ್ನು ಬಿಚ್ಚುವ ದಿನವೇ ಬರುವುದಿಲ್ಲ, ಆಗ ಇಷ್ಟೊಂದು ದುಡ್ಡು ಕೊಟ್ಟ ನೋಟ ಕೈಗೆ ಸಿಗುವುದಿಲ್ಲ.

ಮೀಟಿಯರ್ 350

2020ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ ಹಳೆಯ ಥಂಡರ್‌ಬರ್ಡ್ ಜಾಗಕ್ಕೆ ಬಂದಾಗ ಇದಕ್ಕೂ ಬೈಗುಳ ಬಿದ್ದಿತ್ತು. ಥಂಡರ್‌ಬರ್ಡ್ ಪ್ರಿಯರಿಗೆ ಫೈರ್‌ಬಾಲ್ ಮಾದರಿಯ ಹಳದಿ, ಕೆಂಪು ಬಣ್ಣ, ಚಕ್ರದ ಅಂಚಿನ ಬಣ್ಣದ ಪಟ್ಟಿ ಹುಡುಗಾಟದಂತೆ ಕಂಡಿತು. ಈಗ ಅದೇ ಮಾದರಿ ಊರೂರಲ್ಲಿ ಕಣ್ಣಿಗೆ ಒಗ್ಗಿಹೋಗಿದೆ. ನೋಟದ ಎಷ್ಟೋ ದೂರುಗಳಿಗೆ ಕಾಲವೇ ಮದ್ದು ಎನ್ನುವುದಕ್ಕೆ ಇದೇ ಸಾಕ್ಷಿ.

ಅಂಕಿಗಳಲ್ಲಿ ಈ ಗುಂಪಿನ ಮಧ್ಯಮ ಮಾರ್ಗಿ ಇದು. 349 ಸಿಸಿ, 20.2 ಕುದುರೆ ಶಕ್ತಿ, 27 ನ್ಯೂಟನ್ ಮೀಟರ್, 765 ಮಿಲಿಮೀಟರ್ ಸೀಟು, 191 ಕೆಜಿ, 15 ಲೀಟರ್ ಟ್ಯಾಂಕು, 170 ಮಿಲಿಮೀಟರ್ ಕ್ಲಿಯರೆನ್ಸ್. ಫುಟ್‌ರೆಸ್ಟ್ ಮುಂದಿದೆ, ಆದರೆ ವಿಪರೀತ ಮುಂದಿಲ್ಲ. ಕಡಿಮೆ ತೆರಿಗೆಯ ಗಡಿಯೊಳಗೂ ಇದೆ. 90ರ ಆಚೆ ಅವಸರ ಮಾಡುವವರಿಗೆ ಇದು ಹಿಡಿಸುವುದಿಲ್ಲ, ಎಂಜಿನ್ ಅಲ್ಲಿ ದಣಿಯುತ್ತದೆ. 75–80ರಲ್ಲಿ ದಿನವಿಡೀ ಓಡುತ್ತದೆ. ಹಿಂದೆ ಕೂರುವವರಿಗೆ ಒರಗು ಬೇಕಾದರೆ ಸ್ಟೆಲ್ಲರ್, ಜೊತೆಗೆ ಮುಂದೆ ಗಾಜೂ ಬೇಕಾದರೆ ಸೂಪರ್‌ನೋವಾ, ಹಳೆಯ ಕಾಲದ ಕ್ರೋಮ್ ಮತ್ತು ಸ್ಪೋಕ್ ಚಕ್ರ ಇಷ್ಟಪಡುವವರಿಗೆ ಅರೋರಾ.

ನನ್ನ ಅಳಿಯನಿಗೆ ನಾನು ಹೇಳಿದ್ದು ಇದನ್ನೇ. ವಾರಕ್ಕೊಮ್ಮೆ ಸಕಲೇಶಪುರದ ತೋಟಕ್ಕೆ ಹೋಗಬೇಕು, ಹಿಂದೆ ಅಮ್ಮ ಕೂರುತ್ತಾರೆ, ಸಾಲ ಮೂರು ವರ್ಷದಲ್ಲಿ ತೀರಬೇಕು. "ಡಲ್ ಅಲ್ವಾ ಮಾಮ?" ಅಂದ. "ಅಮ್ಮನ್ನ ಹಿಂದೆ ಕೂರಿಸ್ಕೊಂಡು ಒಂದ್ಸಲ ಬಾಳ್ಳುಪೇಟೆ ತನಕ ಹೋಗಿ ಬಾ, ಆಮೇಲೆ ಹೇಳು" ಅಂದೆ.

ಜಾವಾ 42 ಬಾಬರ್

ಮೈಸೂರಿನವರ ಎದುರು ಜಾವಾ ಬಗ್ಗೆ ಬರೀ ಅಂಕಿ ಹೇಳಿ ಮುಗಿಸಲು ಆಗುವುದಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಎಷ್ಟು ಮನೆಗಳ ಅನ್ನವಾಗಿತ್ತು, ಅದರ ಎರಡು ಸೈಲೆನ್ಸರ್, ಒಂದೇ ಕಡ್ಡಿಯಲ್ಲಿ ಕಿಕ್ಕರ್ರೂ ಗೇರೂ ಎನ್ನುವ ಚಮತ್ಕಾರ, ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾದದ್ದು, ಇವೆಲ್ಲ ಆ ಊರಿನ ನೆನಪು. ಈಗಿನ ಜಾವಾ ಬೇರೆ ಕಂಪನಿಯ ಕೈಯಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುತ್ತದೆ. ಹಳೆಯ ಪ್ರೀತಿಯನ್ನು ಹೊತ್ತು ಹೋದ ಹಿರಿಯರಿಗೆ ಬಾಬರ್ ನೋಡಿ ಬೇಸರವಾಗಿದ್ದು ಸಹಜ, ಅವರ ಜಾವಾಕ್ಕೂ ಇದಕ್ಕೂ ಹೋಲಿಕೆ ಕಡಿಮೆ.

ಆದರೆ ಬಾಬರ್ ಅನ್ನುವ ಶೈಲಿಯೇ ಕಳಚುವ ಶೈಲಿ. ಅಮೆರಿಕದಲ್ಲಿ ಹುಡುಗರು ಭಾರ ಇಳಿಸಲು ಮಡ್‌ಗಾರ್ಡ್ ಕತ್ತರಿಸಿ, ಹಿಂದಿನ ಸೀಟು ಕಿತ್ತುಹಾಕಿ ಮಾಡಿಕೊಂಡ ರೂಪ ಅದು. ಆ ದೃಷ್ಟಿಯಲ್ಲಿ ಈ ಗುಂಪಿನಲ್ಲಿ ಅತ್ಯಂತ ಹದವಾದ ನೋಟ ಇದರದ್ದೇ ಎಂದು ನನ್ನ ಅನಿಸಿಕೆ. 2022ರ ಸೆಪ್ಟೆಂಬರಿನಲ್ಲಿ 2.06 ಲಕ್ಷದಿಂದ ಬಂತು. 334 ಸಿಸಿ, 30 ಕುದುರೆ ಶಕ್ತಿ, ನೀರಿನಿಂದ ತಣಿಯುವ ಎಂಜಿನ್, 740 ಮಿಲಿಮೀಟರ್ ಸೀಟು, 175 ಕೆಜಿ. ಇಷ್ಟು ಶಕ್ತಿ 350ರ ಗಡಿಯೊಳಗೇ ಸಿಗುತ್ತದೆ. ಒಂದೇ ಷರತ್ತು, ಒಬ್ಬರೇ ಕೂರಬೇಕು. ಮನೆಯಲ್ಲಿ ಇನ್ನೊಂದು ಸ್ಕೂಟರ್ ಇದ್ದರೆ ಮಾತ್ರ ಯೋಚಿಸಿ. ಸರ್ವಿಸ್ ಸೆಂಟರ್ ನಿಮ್ಮ ಊರಿಂದ ಎಷ್ಟು ದೂರ ಎಂದೂ ಮೊದಲೇ ನೋಡಿಕೊಳ್ಳಿ.

ಅವೆಂಜರ್ 220 ಕ್ರೂಸ್

ಹಳೆಯದಾಗಿದೆ ಎನ್ನುವುದೇ ಬಜಾಜ್‌ನ ಈ ಬೈಕಿನ ಮೇಲಿನ ದೂರು. ಹೌದು, 2005ರಿಂದ ಈ ಹೆಸರು, ಈ ಉದ್ದನೆಯ ಮೈ, ಈ ಕ್ರೋಮ್ ನಮ್ಮ ಕಣ್ಣೆದುರಿಗಿದೆ. ಆದರೆ 737 ಮಿಲಿಮೀಟರ್ ಸೀಟು, 163 ಕೆಜಿ ತೂಕ, 169 ಮಿಲಿಮೀಟರ್ ಕ್ಲಿಯರೆನ್ಸ್, ಗಾಜು, ಹಿಂದೆ ಒರಗು ಎಲ್ಲವೂ ಈ ಗುಂಪಿನ ಕಡಿಮೆ ಬೆಲೆಗೆ. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಕುಳ್ಳಗಿರುವವರು, ಮೊದಲ ಸಲ ದೊಡ್ಡ ಬೈಕು ಹತ್ತುವವರು, ಐವತ್ತು ದಾಟಿ ಮಂಡಿನೋವು ಶುರುವಾದವರು ಇದನ್ನು ಹಳೆಯದೆಂದು ಬಿಟ್ಟುಬಿಡಬೇಡಿ. ಹೊಸ ಬೈಕು ಕೊಂಡೆ ಅನ್ನುವ ಪುಳಕ ಮಾತ್ರ ಇದರಲ್ಲಿ ಕಡಿಮೆ.

ಟೆಸ್ಟ್ ರೈಡ್ ದಿನ

ಒಂದು ಶೋರೂಮಿನಲ್ಲಿ ನನಗೆ ಗಾಜಿನಂಥ ರಸ್ತೆಯಲ್ಲಿ ಬರೀ ಒಂದು ಕಿಲೋಮೀಟರ್ ಓಡಿಸಲು ಬಿಟ್ಟು, ವಾಪಸ್ ಬಂದ ಕೂಡಲೇ ಬುಕಿಂಗ್ ಫಾರ್ಮ್ ಮುಂದಿಟ್ಟಿದ್ದರು. ಅಷ್ಟಕ್ಕೆ ಒಪ್ಪಬೇಡಿ. ಕನಿಷ್ಠ ಐದು ಕಿಲೋಮೀಟರ್, ಅದರಲ್ಲಿ ಒಂದು ಕೆಟ್ಟ ರಸ್ತೆ, ಎರಡು ಹಂಪ್ಸ್, ಒಂದು ಯೂ ಟರ್ನ್ ಇರಲಿ ಎಂದು ಕೇಳಿ. ಶೋರೂಮಿನವರು ಒಪ್ಪದಿದ್ದರೆ ಅದೇ ಬೈಕು ಇರುವ ಪರಿಚಿತರನ್ನು ಹುಡುಕಿ.

ಎಂಜಿನ್ ಆಫ್ ಮಾಡಿ, ಕೂತುಕೊಂಡೇ ಹತ್ತು ಅಡಿ ಹಿಂದಕ್ಕೆ ತಳ್ಳಿ ನೋಡಿ. ಸೈಡ್ ಸ್ಟ್ಯಾಂಡಿನಿಂದ ಎಬ್ಬಿಸಿ ನೋಡಿ. ಹಿಂದೆ ಕೂರುವವರನ್ನು ಕರೆದುಕೊಂಡೇ ಹೋಗಿ, ಅವರನ್ನು ಹತ್ತಿಸಿ, ಇಳಿಸಿ, ಕೈ ಎಲ್ಲಿ ಹಿಡಿಯುತ್ತಾರೆ ಅಂತ ಗಮನಿಸಿ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಎಂಜಿನ್ ಬಿಸಿ ತೊಡೆಗೆ, ಮೊಣಕಾಲಿಗೆ ಎಷ್ಟು ತಾಗುತ್ತದೆ ಎನ್ನುವುದು ಗೊತ್ತಾಗುತ್ತದೆ, ಆದ್ದರಿಂದ ಮಧ್ಯಾಹ್ನದ ಹೊತ್ತು ಹೋಗುವುದೇ ಒಳ್ಳೆಯದು.

ನೋಟದ ವಿಷಯ ಇನ್ನೂ ತೀರದಿದ್ದರೆ ಬೈಕನ್ನು ಶೋರೂಮಿನ ದೀಪದ ಕೆಳಗಿಂದ ಹೊರಗೆ ಬಿಸಿಲಿಗೆ ತರಿಸಿ. ಕಂಪನಿ ತೆಗೆಸಿದ ಚಿತ್ರಗಳಲ್ಲಿ ಬೈಕು ಖಾಲಿ ನಿಂತಿರುತ್ತದೆ, ಕ್ಯಾಮೆರಾ ನೆಲಮಟ್ಟದಲ್ಲಿರುತ್ತದೆ, ಆ ಕೋನದಿಂದ ರಸ್ತೆಯಲ್ಲಿ ಯಾರೂ ನಿಮ್ಮನ್ನು ನೋಡುವುದಿಲ್ಲ. ನೀವು ಹೆಲ್ಮೆಟ್ ಹಾಕಿ ಕೂರಿ, ಕಾಲು ಫುಟ್‌ರೆಸ್ಟ್ ಮೇಲಿರಲಿ, ಜೊತೆಗೆ ಬಂದವರಿಗೆ ಹತ್ತು ಹೆಜ್ಜೆ ಹಿಂದೆ ಹೋಗಿ ಬದಿಯಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಇಷ್ಟವಾದ ಎರಡು ಮೂರು ಬೈಕಿಗೂ ಹೀಗೇ ಮಾಡಿ, ಒಂದು ವಾರ ಬಿಟ್ಟು ಆ ಫೋಟೋಗಳನ್ನು ಮತ್ತೆ ತೆರೆದು ನೋಡಿ. ಬುಕಿಂಗ್ ಹಣ ಕಟ್ಟುವುದು ಆಮೇಲೆ.